ನೀಲಕ್ಕನ ಸೊಟ್ಟ ತೊಟ್ಟಿಲು

ಪೆಟ್ಟಿಗೆಯ ಮುಚ್ಚಳ ಎತ್ತಿದ ಕೂಡಲೇ ಒಣಗಿದ ಬೇವಿನೆಲೆಯ ವಾಸನೆ ಮೂಗಿಗೆ ಬಂತು. ಎಷ್ಟೋ ವರ್ಷದಿಂದ ತಳದಲ್ಲಿದ್ದ ಗಂಟನ್ನು ನಿನ್ನೆ ಮಧ್ಯಾಹ್ನ ಹೊರಗೆ ತೆಗೆದೆ. ತೆಗೆಯದೆ ವಿಧಿಯಿರಲಿಲ್ಲ. ಬರುವ ಆದಿತ್ಯವಾರ ನನ್ನ ಮೊಮ್ಮಗಳ ಹೆಸರಿಡುವ ಕಾರ್ಯ ಇದೆ.

ಈ ಮೊಮ್ಮಗಳ ವಿಷಯ ಹೇಳಲು ಶುರು ಮಾಡಿದರೆ ನನಗೆ ನಿಲ್ಲಿಸಲು ಬರುವುದಿಲ್ಲ, ನೀವೇ ನಿಲ್ಲಿಸಬೇಕು. ಕಿರಿಯ ಮಗಳು ಗಿರಿಜೆಗೆ ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಹುಟ್ಟಿದ ಕೂಸು. ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಓಣಿಯಲ್ಲಿ ಈ ಸುದ್ದಿ ನಾನು ಹೇಳದ ಮನೆಯಿಲ್ಲ. ಹಾಲಿನವನಿಗೆ ಹೇಳಿದೆ, ಕಾಯಿಪಲ್ಯದವಳಿಗೆ ಹೇಳಿದೆ, ಅವಳು ಕೊತ್ತಂಬರಿ ಕೊಡುತ್ತ ಇನ್ನೊಮ್ಮೆ ಕೇಳಿದಳೆಂದು ಇನ್ನೊಮ್ಮೆ ಹೇಳಿದೆ. ನಿನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ಅಳಿಯ ದೇವರಂಥವನು, ಬಾಯಿ ಬಿಡದೆ ಉಂಡು ಮೂರು ತಂಬಿಗೆ ನೀರು ಕುಡಿದ. ಕೂಸಿನ ಮೂಗು ನನ್ನದೇ. ಯಾರೂ ಒಪ್ಪುವುದಿಲ್ಲ, ಆದರೆ ನನ್ನದೇ.

ಗಂಟಿನಲ್ಲಿದ್ದದ್ದು ಒಂದು ಕುಂಚಿಗೆ. ನೀವು ನೋಡಿರುತ್ತೀರಿ: ಕೂಸಿನ ತಲೆಗೆ ಟೊಪ್ಪಿಗೆಯಾಗಿ, ಬೆನ್ನ ಮೇಲೆ ಶಾಲಿನಂತೆ ಇಳಿಬೀಳುವ ಬಟ್ಟೆ. ಇದರ ಟೊಪ್ಪಿಗೆ ಗುಳೇದಗುಡ್ಡದ ಖಣದ ಬಟ್ಟೆಯದು. ಬೆನ್ನಿನ ಭಾಗ ಮಾತ್ರ ಕಪ್ಪು ಸೀರೆಯ ತುಂಡು, ಅದರ ಮೇಲೆ ಬಿಳಿ ದಾರದ ಕಸೂತಿ, ಸಾಲಾಗಿ ಒಂಬತ್ತು ತೊಟ್ಟಿಲು. ಒಳಗೆ ಅಸ್ತರ ಇಲ್ಲ. ಎಂಟು ತೊಟ್ಟಿಲು ರೂಲಿನ ಪಟ್ಟಿಯಿಂದ ಎಳೆದಂತೆ ನೆಟ್ಟಗಿವೆ. ಮೂಲೆಯ ಒಂಬತ್ತನೆಯದು ಎಡಕ್ಕೆ ವಾಲಿದೆ. ಅದರ ಒಂದು ಹಗ್ಗ ಗಿಡ್ಡ, ಒಂದು ಉದ್ದ.

ಗಿರಿಜಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಬಾಣಂತಿ, ಕಣ್ಣಿಗೆ ತ್ರಾಸು ಕೊಡಬಾರದು ಎಂದರೆ ಕೇಳುವವಳಲ್ಲ.

“ಅವ್ವ, ಎಷ್ಟ್ ಚಂದ ಐತಿ ಇದು. ಇದೊಂದು ತೊಟ್ಟಲಾ ಅಷ್ಟ ಸೊಟ್ಟ ಆಗೇತಿ ನೋಡು. ಬಿಚ್ಚಿ ನೆಟ್ಟಗ ಹಾಕ್ಲೇನು?”

ನಾನು ಕುಂಚಿಗೆಯನ್ನು ಅವಳ ಕೈಯಿಂದ ಕಸಿದುಕೊಂಡೆ. ಹೌದು, ಕಸಿದುಕೊಂಡೆ. ಮಗಳು ಹೆದರಿ ನನ್ನ ಮುಖ ನೋಡಿದಳು. ಅವಳು ಆಡಿದ್ದು, ಅದೇ ಬಟ್ಟೆಯನ್ನು ಹಿಡಿದಾಗ ಒಂದು ಕಾಲಕ್ಕೆ ನನ್ನ ಮನಸ್ಸಿನಲ್ಲೇ ಹುಟ್ಟಿದ್ದ ಮಾತು.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಹುನಗುಂದದಿಂದ ಇಳಕಲ್ಲಿಗೆ ಸೊಸೆಯಾಗಿ ಹೋದೆ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಹದಿನೇಳು ವಯಸ್ಸು. ಗಂಡನ ಮನೆಯಲ್ಲಿ ಎರಡು ಕುಣಿ ಮಗ್ಗ. ಗಂಡಸರು ಕುಣಿಯಲ್ಲಿ ಕಾಲಿಳಿಸಿ ಸೀರೆ ನೇಯುವವರು, ಹೆಂಗಸರು ಕಂಡಿಕೆಗೆ ನೂಲು ಸುತ್ತುವವರು. ಆ ಮನೆಯ ಹಿರಿಯ ಸೊಸೆ, ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನೀಲಕ್ಕ. ನನಗಿಂತ ಹನ್ನೆರಡು ಹದಿಮೂರು ವರ್ಷಕ್ಕೆ ದೊಡ್ಡವಳು. ಮಕ್ಕಳಿರಲಿಲ್ಲ. ನನ್ನನ್ನು ತಂಗಿ ಎಂದೇ ಕರೆದಳು, ಕೊನೆಯವರೆಗೂ ಹಾಗೇ ಕರೆದಳು.

ನೀಲಕ್ಕನ ಕಸೂತಿ ನೋಡಲು ದೂರದೂರದ ಊರಿನವರು ಬರುತ್ತಿದ್ದರು. ಮದುಮಗಳಿಗೆ ಕೊಡುವ ಕಪ್ಪು ಸೀರೆಗೆ ಸೆರಗಿನ ತುಂಬ ಅವಳ ಕೈಯ ಆನೆ, ನವಿಲು, ಗೋಪುರ ಬೇಕಾಗುತ್ತಿದ್ದವು. ಕಸೂತಿ ಮಾಡಿ ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. ಅದಕ್ಕೆ ಪೆನ್ಸಿಲಿನಿಂದ ಗೆರೆ ಬರೆದುಕೊಳ್ಳುವಂತಿಲ್ಲ, ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತ ಹೊರಟಲ್ಲಿಗೇ ಬಂದು ಮುಟ್ಟಬೇಕು. ಸರಿಯಾಗಿ ಮಾಡಿದರೆ ಬಟ್ಟೆಯ ಮುಂದಿನ ಮಗ್ಗಲು ಯಾವುದು, ಹಿಂದಿನದು ಯಾವುದು ಎಂದು ಮಾಡಿದವಳಿಗೂ ತಿಳಿಯಬಾರದು.

ನನಗೂ ಕಲಿಸಿದಳು. ಎಣಿಕೆ ಬರುತ್ತಿತ್ತು, ತಿರುಗಿ ಬರುವುದು ಬರುತ್ತಿರಲಿಲ್ಲ. ಎಲ್ಲೋ ಹೊರಟು ಎಲ್ಲೋ ಮುಟ್ಟುತ್ತಿದ್ದೆ, ಕಡೆಗೆ ಸಿಟ್ಟಿಗೆದ್ದು ಹಿಂದೆ ಗಂಟು ಹಾಕುತ್ತಿದ್ದೆ. ನನ್ನ ಮೊದಲನೆಯ ಆನೆಯನ್ನು ನೀಲಕ್ಕ ಬೆರಳಿಟ್ಟು ಎಣಿಸಿದಳು. “ತಂಗಿ, ಕಾಲು ಐದು ಅದಾವ. ಇರ್ಲಿ, ಭಾರ ತಡೀತೈತಿ” ಎಂದಳು.

ನಾನು ಹೋದ ಎರಡನೆಯ ವರ್ಷ ಅವಳಿಗೆ ಕೀಲುಬೇನೆ ಶುರುವಾಯಿತು. ಮೊದಲು ಮಣಿಕಟ್ಟು, ಆಮೇಲೆ ಬೆರಳ ಗಿಣ್ಣು. ಲಕ್ಕಿ ಸೊಪ್ಪು ಕುದಿಸಿ ಕಟ್ಟಿದೆವು, ಉಪ್ಪಿನ ಗಂಟಿನಿಂದ ಕಾಸಿದೆವು. ಬಾಗಲಕೋಟೆಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಆ ದವಾಖಾನೆಯ ಓಣಿ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ, ಅಲ್ಲಿ ಕೂತು ಅವಳ ಚೀಟಿಗೆ ಕಾದದ್ದು ನನ್ನ ಕಣ್ಣಿಗೆ ಇನ್ನೂ ಒಣಗಿದ ಜಾಗದಲ್ಲೇ ಇದೆ. ಸೂಜಿ ಮುಟ್ಟಬೇಡಿರಿ ಎಂದರು ಡಾಕ್ಟರರು. ಅಮಾವಾಸ್ಯೆಗೊಮ್ಮೆ ಮಹಾಕೂಟದ ಹೊಂಡದಲ್ಲಿ ಮುಳುಗಿಸಿಕೊಂಡು ಬಂದೆವು. ನೀರಿನಲ್ಲಿದ್ದಷ್ಟು ಹೊತ್ತು ನೋವು ಇರುವುದಿಲ್ಲ ಎನ್ನುತ್ತಿದ್ದಳು. ಬಾದಾಮಿಯ ಬಸ್ಸು ಹತ್ತುವಷ್ಟರಲ್ಲಿ ತಿರುಗಿ ಬರುತ್ತಿತ್ತು.

ಕಡೆಗೆ ಎಡಗೈ ಒಳಕ್ಕೆ ಮಡಚಿಕೊಂಡಿತು. ಎಡಗೈ ಎಂದರೆ ನಮ್ಮಲ್ಲಿ ಏನು ಎಂದು ನಿಮಗೆ ಗೊತ್ತು. ಬೆಳಿಗ್ಗೆ ಮಿಂದು ವಿಭೂತಿ ಹಚ್ಚಿಕೊಂಡು, ಕೊರಳ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಬೇಕು. ಆಮೇಲೆಯೇ ಬಾಯಿಗೆ ತುತ್ತು. ನೀಲಕ್ಕ ಬಲಗೈಯಿಂದ ಎಡಗೈಯ ಒಂದೊಂದೇ ಬೆರಳನ್ನು ಬಿಡಿಸುತ್ತಿದ್ದಳು. ಒಂದು ಬಿಡಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಮಡಚಿಕೊಳ್ಳುತ್ತಿತ್ತು. ಹೇಗೋ ಇಟ್ಟರೂ ಲಿಂಗ ಜಾರುತ್ತಿತ್ತು. ಒಂದು ದಿನ ಅವಳು ಪೂಜೆಗೆ ಏಳಲೇ ಇಲ್ಲ. ಪೂಜೆ ಇಲ್ಲ, ಆದ್ದರಿಂದ ಊಟವೂ ಇಲ್ಲ. ಅತ್ತೆ ಬಾಗಿಲಲ್ಲಿ ನಿಂತು ಬೇಡಿಕೊಂಡರು. ನೀಲಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು.

“ಕೈ ಕಸಗೊಂಡಾಂವಗ ಕೈಯಾಗ ಎಲ್ಲಿ ಜಾಗಾ ಕೊಡ್ಲರಿ, ಅತ್ತಿ” ಎಂದಳು.

ಎರಡು ದಿನ ಹಾಗೇ ಹೋಯಿತು. ಮೂರನೆಯ ಬೆಳಿಗ್ಗೆ ನಾನು ಕಸ ಹೊಡೆಯಲು ಒಳಗೆ ಹೋದಾಗ ಅವಳು ಎದ್ದು ಕೂತು, ಬಟ್ಟೆಯ ಚೂರನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಬಲಗೈಯಿಂದ ಏನೋ ಹೊಲಿಯುತ್ತಿದ್ದಳು. ಕೊಡ ಹೊರುವಾಗ ತಲೆಯ ಮೇಲೆ ಸಿಂಬಿ ಇಟ್ಟುಕೊಳ್ಳುವುದಿಲ್ಲವೇ, ಅಂಥದೊಂದು ಸಿಂಬಿ, ಆದರೆ ರೂಪಾಯಿ ನಾಣ್ಯದಷ್ಟೇ ದೊಡ್ಡದು. ಅದನ್ನು ಮಡಚಿದ ಬೆರಳುಗಳ ನಡುವೆ ಕೂರಿಸಿದಳು. ಅದರ ಮೇಲೆ ಲಿಂಗ ಇಟ್ಟಳು. ಜಾರಲಿಲ್ಲ. ಸುತ್ತ ಬೆರಳು ಮಡಚಿಕೊಂಡೇ ಇದ್ದವು, ಗಾಳಿಗೆ ದೀಪ ಆರದ ಹಾಗೆ ಕೈ ಮರೆ ಮಾಡಿದಂತೆ. ನನ್ನ ಕಡೆ ನೋಡಿ, “ನಾನೂ ಹಟಮಾರಿ, ಅಂವನೂ ಹಟಮಾರಿ. ಇಬ್ರಾಗ ಒಬ್ರು ಸೋಲಬೇಕಿತ್ತು” ಎಂದಳು. ಯಾರು ಸೋತರೆಂದು ನಾನು ಕೇಳಲಿಲ್ಲ. ಹೊಟ್ಟೆ ಹಸಿದಿದೆ, ರೊಟ್ಟಿ ತಾ ಎಂದಳು.

ಅಂದಿನಿಂದ ಡಾಕ್ಟರರ ಮಾತು ಮೂಲೆಗೆ ಬಿತ್ತು. ಮತ್ತೆ ಕಸೂತಿ ಹಿಡಿದಳು. ಬಟ್ಟೆಯನ್ನು ತೊಡೆಯ ಕೆಳಗೆ ಅದುಮಿಟ್ಟು ಒಂದೇ ಕೈಯಲ್ಲಿ ಹೊಲಿಗೆ. ಮೊದಲಿನ ಹಾಗೆ ಬರುತ್ತಿರಲಿಲ್ಲ. ಕೈ ನಡುಗಿದಲ್ಲಿ ಗೆರೆ ನಡುಗುತ್ತಿತ್ತು. ನೋವು ಬಂದಾಗ ಸೂಜಿಯನ್ನು ಅರ್ಧದಲ್ಲೇ ನಿಲ್ಲಿಸಿ ಕಣ್ಣು ಮುಚ್ಚುತ್ತಿದ್ದಳು, ತೆರೆದ ಮೇಲೆ ಸೂಜಿ ಎಲ್ಲಿತ್ತೋ ಅಲ್ಲಿಂದಲೇ ದಾರಿ ಮಾಡಿಕೊಂಡು ಹೋಗುತ್ತಿದ್ದಳು. ಬಿಚ್ಚುತ್ತಿರಲಿಲ್ಲ. ನಮ್ಮ ಅತ್ತೆಗೆ ಆಗಲೇ ಕಣ್ಣು ಮಂಜು. ಒಂದು ಸಲ ಅವರು ಬಟ್ಟೆಯನ್ನು ಮಡಿಲಲ್ಲಿ ಹಾಕಿಕೊಂಡು ಬೆರಳಿನಿಂದ ಸವರಿ, “ಈ ಆನಿ ಎಲ್ಲಿಗೆ ಹೊಂಟೇತಿ, ನೀಲವ್ವ?” ಎಂದು ಕೇಳಿದರು.

“ಮಹಾಕೂಟಕ್ಕರಿ, ನೀರಿಗೆ” ಎಂದಳು ನೀಲಕ್ಕ.

ಮೊದಲಿನ ಆನೆಗಳು ನಿಂತಿರುತ್ತಿದ್ದವು, ಈಗಿನವು ನಡೆಯುತ್ತಿದ್ದವು. ಕಣ್ಣು ಕಾಣದ ಮುದುಕಿಗೆ ತಿಳಿದದ್ದು ಎರಡು ಕಣ್ಣಿದ್ದ ನನಗೆ ತಿಳಿಯಲಿಲ್ಲ. ನನಗೆ ಸೊಟ್ಟ ಅಷ್ಟೇ ಕಂಡಿತು.

ನಾನು ಚೊಚ್ಚಿಲ ಬಸುರಿಯಾದೆ. ನೀಲಕ್ಕನಿಗೆ ಆದ ಸಂತೋಷ ನೋಡಿದ್ದರೆ ಬಸುರಿ ಅವಳೇ ಎಂದುಕೊಳ್ಳಬೇಕು. ತನ್ನ ಮದುವೆಯ ಕಪ್ಪು ಸೀರೆಯ ಒಡಲಿನಿಂದ ಒಂದು ತುಂಡು ಕತ್ತರಿಸಿದಳು. ಬೇಡ ಎಂದು ಅತ್ತೆ ಎಷ್ಟು ಹೇಳಿದರೂ ಕೇಳಲಿಲ್ಲ. ನಾಲ್ಕು ತಿಂಗಳು ಕೂತು ಒಂಬತ್ತು ತೊಟ್ಟಿಲು ಹೊಲಿದಳು, ಹೊಟ್ಟೆಯಲ್ಲಿ ಒಂಬತ್ತು ತಿಂಗಳೆಂದು ಒಂಬತ್ತು. ಅಸ್ತರ ಹಚ್ಚಿ ಕೊಡುತ್ತೇನೆ ಎಂದು ನಾನು ಹೇಳಿದಾಗ ಬೇಡವೆಂದಳು. ಎರಡೂ ಮಗ್ಗಲು ಕಾಣಲಿ, ಮುಚ್ಚುವಂಥದ್ದು ಏನಿದೆ ಎಂದಳು.

ಹೆರಿಗೆಗೆ ತವರಿಗೆ ಹೋಗುವಾಗ ಕುಂಚಿಗೆ ಪೆಟ್ಟಿಗೆಯಲ್ಲಿತ್ತು. ಗಂಡು ಹುಟ್ಟಿತು. ಹೆಸರಿಡುವ ದಿನ ಹತ್ತಿರ ಬಂದಂತೆ ನನಗೆ ನಮ್ಮ ಚಿಗವ್ವನ ಹೆದರಿಕೆ ಶುರುವಾಯಿತು. ಅವ್ವನ ತಂಗಿ ಅವಳು. ಬಾಯಿ ಎಂದರೆ ಬಾಯಿ. ಸೀರೆಯ ಊರಿಗೆ ಕೊಟ್ಟರೂ ಕೂಸಿಗೆ ಸೊಟ್ಟ ಕಸೂತಿ ಬಂತಲ್ಲ ಎಂದು ನಾಲ್ಕು ಮಂದಿಯ ನಡುವೆ ಅನ್ನುವವಳೇ. ನೀಲಕ್ಕನ ಮಾನ ಉಳಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಉಳಿಸಬೇಕಾಗಿದ್ದದ್ದು ನನ್ನ ಗಂಡನ ಮನೆಯ ಜಂಬ.

ಕೂಸು ಮಲಗಿದ ಮಧ್ಯಾಹ್ನಗಳಲ್ಲಿ ಕೂತು ತೊಟ್ಟಿಲು ಬಿಚ್ಚಿದೆ. ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಕತ್ತರಿಸಿ ದಾರ ಎಳೆದು, ಎಳೆ ಎಣಿಸಿ, ನೆಟ್ಟಗೆ ತಿರುಗಿ ಹೊಲಿದೆ. ನಾಲ್ಕು ತಿಂಗಳ ಕೆಲಸ ಬಿಚ್ಚಲು ನನಗೆ ಆರು ಮಧ್ಯಾಹ್ನ ಸಾಕಾಯಿತು. ಕಿತ್ತ ದಾರವನ್ನು ಬಚ್ಚಲ ಒಲೆಗೆ ಹಾಕಿದೆ. ಎಂಟು ಮುಗಿಸಿದೆ. ಒಂಬತ್ತನೆಯದಕ್ಕೆ ನನ್ನ ದಾರ ಮುಗಿದಿತ್ತು, ಅದನ್ನು ಬಿಚ್ಚದೆ ಬಿಟ್ಟೆ.

ಹೆಸರಿಡುವ ದಿನ ಇಳಕಲ್ಲಿನಿಂದ ಎಲ್ಲರೂ ಬಂದರು. ನೀಲಕ್ಕನೂ ಬಂದಳು. ಬಸ್ಸಿನ ಕಂಬಿ ಹಿಡಿಯಲು ಆಗದೆ ಅತ್ತೆಯ ಭುಜಕ್ಕೆ ಒರಗಿ ನಿಂತೇ ಬಂದಿದ್ದಳಂತೆ. ಮುಖದ ಬಣ್ಣ ಹೋಗಿತ್ತು, ಆದರೂ ಬಂದವಳೇ ಕೈಕಾಲು ತೊಳೆದು ಕೂಸು ಎಲ್ಲಿ ಎಂದಳು. ಕೂಸಿಗೆ ಕುಂಚಿಗೆ ಕಟ್ಟಿ ನಾನೇ ಹೊರಗೆ ತಂದೆ. ಚಿಗವ್ವ ಮೊದಲು ಕೂಸನ್ನು ನೋಡಲಿಲ್ಲ, ಬಟ್ಟೆ ನೋಡಿದಳು.

“ಅಲ್ಲವಾ ನೀಲವ್ವ, ಕೈ ಹೋಗ್ಯಾವ ಅಂತಿದ್ರಲ್ಲ ಮಂದಿ. ಹರೇದಾಗ ಹೊಲದಂಗ ಹೊಲದೀಯಲ್ಲ. ಮೂಲ್ಯಾಗ ಇದೊಂದ ಸೊಟ್ಟ ಆಗೇತಿ.”

ನೀಲಕ್ಕ ಹತ್ತಿರ ಬಂದು ಕುಂಚಿಗೆಯ ಅಂಚು ಹಿಡಿದಳು. ಕಂಡದ್ದು ಅರ್ಥವಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಮಣಿಕಟ್ಟಿನಿಂದ ಅದನ್ನು ಮಗುಚಿ ಹಿಂದಿನ ಮಗ್ಗಲು ನೋಡಿದಳು. ಅಲ್ಲಿ ನನ್ನ ಗಂಟುಗಳಿದ್ದವು. ತೊಟ್ಟಿಲಿಗೊಂದರಂತೆ, ಕೆಲವಕ್ಕೆ ಎರಡು. ಹೆಬ್ಬೆರಳಿನಿಂದ ಗಂಟುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದಳು. ನನ್ನ ಕಡೆ ಒಮ್ಮೆ ನೋಡಿದಳು. ಬಂದ ಹೆಂಗಸರೆಲ್ಲ ಅಲ್ಲೇ ನಿಂತಿದ್ದರು. ಅವಳು ಒಂದು ಮಾತು ಅಂದಿದ್ದರೆ ಸಾಕಿತ್ತು.

ಅವಳು ಬಟ್ಟೆಯನ್ನು ಸರಿಯಾಗಿ ತಿರುವಿ, ಗಂಟು ಕಾಣದಂತೆ ಕೂಸಿನ ಬೆನ್ನಿಗೆ ಹೊಂದಿಸಿದಳು.

“ಹೌದ್ರಿ, ಅದೊಂದು ನನ್ನ ಕೈಲೆ ಸೊಟ್ಟ ಆತು” ಎಂದಳು.

ಸುಳ್ಳು ಆಡಲಿಲ್ಲ. ಉಳಿದ ಎಂಟು ಯಾರವೆಂದು ಹೇಳಲಿಲ್ಲ. ಚಿಗವ್ವ ಅವಳ ಬೆನ್ನು ತಟ್ಟಿ, ಅಷ್ಟು ಇದ್ದದ್ದೇ ಬಿಡು ಎಂದು ಸಮಾಧಾನ ಹೇಳಿದಳು. ನಾನು ನೆಟ್ಟಗೆ ನಿಂತು, ನಕ್ಕು, ಎಲ್ಲರಿಗೂ ಗುಗ್ಗರಿ ಹಂಚಿದೆ.

ಹೊರಡುವ ಮೊದಲು ನೀಲಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಇವತ್ತಿಗೆ ಅದು ಮುಗಿದು ಹೋಗಿರುತ್ತಿತ್ತು.

“ತಂಗಿ, ದಾರ ಎಲ್ಲಿಟ್ಟಿ?” ಎಂದಳು.

ಒಲೆಗೆ ಹಾಕಿದೆ ಎಂದೆ. ಅವಳು ಮಡಚಿದ ಕೈ ಸವರಿಕೊಂಡಳು. ಆಮೇಲೆ ನಾನು ಕೇಳದಿದ್ದರೂ ಹೇಳಿದಳು. ನೋವು ಬಂದು ಸೂಜಿ ನಿಂತಲ್ಲೆಲ್ಲ ಅವಳು ಶಿವನ ಹೆಸರು ಹೇಳುತ್ತಿದ್ದಳಂತೆ. ಹೆಸರು ಮುಗಿದ ಮೇಲೆಯೇ ಮುಂದಿನ ಹೊಲಿಗೆ. ಎಲ್ಲೆಲ್ಲಿ ಗೆರೆ ಸೊಟ್ಟ ಇತ್ತೋ ಅಲ್ಲಲ್ಲಿ ಒಂದು ಹೆಸರು ಇತ್ತು. ಕೈ ನೆಟ್ಟಗಿದ್ದ ಕಾಲದಲ್ಲಿ ಆನೆ, ನವಿಲು ಎಣಿಸುವುದರಲ್ಲಿ ಅವನ ನೆನಪೇ ಆಗುತ್ತಿರಲಿಲ್ಲ, ಈಗ ನೋವು ನೆನಪು ಮಾಡಿಕೊಡುತ್ತದೆ ಎಂದಳು. ನನ್ನ ಮುಖ ನೋಡಿ ಅವಳಿಗೇ ಕನಿಕರ ಬಂದಿರಬೇಕು.

“ಹೋಗ್ಲಿ ಬಿಡು. ಬೆಂಕಿಗೆ ಹಾಕೀದಿ, ಅಂವಗ ಮುಟ್ಟೇತಿ” ಎಂದು ನನ್ನ ತಲೆ ಸವರಿದಳು. ಆ ಮಡಚಿದ ಕೈಯಿಂದಲೇ.

ತಪ್ಪಾಯಿತು ಅಕ್ಕ ಎನ್ನಲು ಎಷ್ಟು ಹೊತ್ತು ಬೇಕು ಹೇಳಿರಿ. ನಾನು ಹತ್ತು ವರ್ಷ ತೆಗೆದುಕೊಂಡೆ, ಆದರೂ ಅನ್ನಲಿಲ್ಲ.

ನೀಲಕ್ಕ ಹೊಲಿಯುವುದನ್ನು ಬಿಡಲಿಲ್ಲ. ಆದರೆ ಅಂದಿನಿಂದ ಪ್ರತಿಯೊಂದು ಕೆಲಸ ಮುಗಿದ ಮೇಲೆ ನನ್ನ ಮುಂದೆ ತಂದು ಹಿಡಿಯುತ್ತಿದ್ದಳು. “ಇದು ನಾಲ್ಕ ಮಂದ್ಯಾಗ ಹಿಡಿಯೋ ಹಂಗ ಐತೇನ, ತಂಗಿ?” ಎಂದು ಕೇಳುತ್ತಿದ್ದಳು. ಚುಚ್ಚಲು ಕೇಳಿದ್ದಲ್ಲ, ಅದೇ ನನಗೆ ಉರಿಯುತ್ತಿದ್ದದ್ದು. ಖರೆಯಾಗಿಯೇ ಕೇಳುತ್ತಿದ್ದಳು. ತನ್ನ ಕಣ್ಣಿನ ಮೇಲೆ ಅವಳಿಗಿದ್ದ ನಂಬಿಕೆಯನ್ನು ನಾನು ಆ ಆರು ಮಧ್ಯಾಹ್ನಗಳಲ್ಲಿ ದಾರದ ಜೊತೆಗೇ ಕಿತ್ತಿದ್ದೆ. ಎಳೆ ಎಣಿಸಲು ಅವಳಿಂದಲೇ ಕಲಿತ ನಾನು, ಐದು ಕಾಲಿನ ಆನೆಯವಳು, ಅವಳ ಕೆಲಸ ಪಾಸು ಮಾಡಬೇಕು. ಚಂದ ಐತಿ ಅಕ್ಕ ಎನ್ನುತ್ತಿದ್ದೆ. ಅಷ್ಟರಲ್ಲಿ ನನಗೂ ಆ ನಡೆಯುವ ಆನೆ ಕಾಣತೊಡಗಿತ್ತು, ಖರೆಯಾಗಿ ಚಂದವೆಂದೇ ಅನ್ನುತ್ತಿದ್ದೆ. ಅವಳು ತಲೆ ಆಡಿಸಿ, ನಂಬದೆ, ಬಟ್ಟೆ ಮಡಚಿ ಇಡುತ್ತಿದ್ದಳು.

ಒಂದು ಅಮಾವಾಸ್ಯೆ ಮಹಾಕೂಟದ ಹೊಂಡದಲ್ಲಿ ಅವಳನ್ನು ಹಿಡಿದುಕೊಂಡು ನಿಂತಿದ್ದೆ. ಎದೆಮಟ್ಟ ನೀರು. ನೀರಿನಲ್ಲಿ ಅವಳ ಬೆರಳು ಸ್ವಲ್ಪ ಸಡಿಲಾಗಿದ್ದವು, ಮುಖದಲ್ಲಿ ನಗು ಇತ್ತು. ಈಗ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ನೀರು ತಣ್ಣಗದಾವ ಅಲ್ಲೇನಕ್ಕ ಎಂದೆ. ಹೌದು ತಂಗಿ ಎಂದಳು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳು ಹೋದಳು. ಗಿರಿಜಾ ಆಗ ಕೈಗೂಸು. ಲಿಂಗದ ಜೊತೆಗೆ ಆ ಸಿಂಬಿಯನ್ನೂ ಅವಳ ಎಡಗೈಯಲ್ಲಿಟ್ಟು ಮಣ್ಣು ಮಾಡಿದರು. ನನ್ನ ಮುಂದಿನ ಯಾವ ಮಗುವಿಗೂ ಆ ಕುಂಚಿಗೆ ಕಟ್ಟಲಿಲ್ಲ. ನುಸಿ ಹಿಡಿಯಬಾರದೆಂದು ಎತ್ತಿಟ್ಟಿದ್ದೇನೆ ಎಂದು ಮನೆಯವರಿಗೆ ಹೇಳುತ್ತಿದ್ದೆ.

ಇದೆಲ್ಲವನ್ನೂ ನಿನ್ನೆ ಗಿರಿಜೆಗೆ ಹೇಳಿದೆ. ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಕೂಸು ಅವಳ ಮಡಿಲಲ್ಲಿ ಹಾಲು ಕುಡಿದು ಮಲಗಿತ್ತು. ಮಗಳು ಎಂಟು ತೊಟ್ಟಿಲುಗಳ ಮೇಲೆ ಬೆರಳಾಡಿಸಿದಳು. ಆಮೇಲೆ, “ಹಂಗಾರ ನಿನ್ನವು ಎಂಟೂ ಬಿಚ್ಚೋಣೇನು?” ಎಂದು ಕೇಳಿದಳು. ಬೇಡ ಎಂದೆ. ಆ ಬಟ್ಟೆಯನ್ನು ಒಮ್ಮೆ ಬಿಚ್ಚಿದ್ದು ಸಾಕು.

ಆದಿತ್ಯವಾರ ಕುಂಚಿಗೆಯನ್ನು ಮಗುಚಿ ಕಟ್ಟುತ್ತೇನೆ, ಗಂಟುಗಳು ಹೊರಗೆ. ಓಣಿಯ ಹೆಂಗಸರು ಬರುತ್ತಾರೆ, ಗಿರಿಜೆಯ ಅತ್ತೆಯ ಮನೆಯವರು ಬರುತ್ತಾರೆ. ಯಾರಾದರೂ ಕೇಳಿಯೇ ಕೇಳುತ್ತಾರೆ, ಇದೇನು, ಹಿಂದುಮುಂದಾಗಿದೆಯಲ್ಲ ಎಂದು. ಈ ಗಂಟಿನವು ನನ್ನವು, ಆ ಒಂದು ನಮ್ಮ ಅಕ್ಕನದು ಎಂದು ಹೇಳುತ್ತೇನೆ. ಇಷ್ಟು ದಿನ ಕೂಸಿನ ಸುದ್ದಿಯನ್ನು ಊರಿಗೆಲ್ಲ ಸಾರಿದ ಬಾಯಿಗೆ ಇದೊಂದು ಸುದ್ದಿ ಭಾರವಾಗಬಾರದು.

ಹೇಗೆ ಕಾಣುತ್ತದೆ ನೋಡೋಣವೆಂದು ಈಗಲೇ ಮಗುಚಿ ಕೂಸಿನ ಬೆನ್ನಿಗೆ ಹೊದಿಸಿದೆ. ನನ್ನ ಎಂಟು ಗಂಟುಗಂಟಾಗಿ ಕಂಡವು. ಮೂಲೆಯದಕ್ಕೆ ಗಂಟಿಲ್ಲ, ಮುಂದೆ ಇದ್ದ ಹಾಗೆಯೇ ಹಿಂದೆಯೂ ಇದೆ. ಆದರೆ ಆ ಕಡೆ ಎಡಕ್ಕೆ ವಾಲಿದ್ದ ತೊಟ್ಟಿಲು ಈ ಕಡೆ ಬಲಕ್ಕೆ ವಾಲಿತ್ತು. ನಾನು ಬಟ್ಟೆಯನ್ನು ಒಮ್ಮೆ ಹಾಗೆ ಮಗುಚಿದೆ, ಒಮ್ಮೆ ಹೀಗೆ ಮಗುಚಿದೆ. ಎಡಕ್ಕೆ, ಬಲಕ್ಕೆ. ಇಷ್ಟು ವರ್ಷ ಸೊಟ್ಟವೆಂದುಕೊಂಡಿದ್ದೆ. ನೀಲಕ್ಕ ಅದನ್ನು ತೂಗುತ್ತಿದ್ದಳು.